‘ಐತೆ’ ಹಿಡಿಯಾಕೆ ಬಂದ ಕಾರು

ಹೋದ ತಿಂಗಳು ಒಂದು ಮಷೀನು ನಮ್ಮ ಹಾಲಮ್ಮನಿಗೆ ಕನ್ನಡ ಬರೋದಿಲ್ಲ ಅಂತ ಹೇಳಿತು.

ಕಿವಿಯಲ್ಲಿ ಗುಟ್ಟಾಗಿ ಹೇಳಿದ್ದಲ್ಲ. ಚನ್ನಗಿರಿಯಲ್ಲಿ, ತುಂಬಿದ ಸಭೆಯಲ್ಲಿ, ಸ್ಪೀಕರಿನಲ್ಲಿ ಹೇಳಿತು. ಅದೂ ಹಾಲಮ್ಮನ ಹೆಗಲಿಗೆ ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ‘ಇವರು ನಮ್ಮ ಭಾಷೆಯ ಜೀವಂತ ಭಂಡಾರ’ ಅಂತ ಹೊಗಳಿದ ಐದೇ ನಿಮಿಷಕ್ಕೆ.

ಹಾಲಮ್ಮ ಸೂಳೆಕೆರೆ ದಡದ ಹೆಂಗಸು. ಮೀನು ಮಾರುತ್ತಾಳೆ. ಸಂತೆ ದಿನ ಸಂತೇಬೆನ್ನೂರಿನಲ್ಲಿ, ಉಳಿದ ದಿನ ಚನ್ನಗಿರಿಯ ನಮ್ಮ ಬೀದಿಗಳಲ್ಲಿ. ವಯಸ್ಸು ಹೆಚ್ಚುಕಡಿಮೆ ನನ್ನಷ್ಟೇ. ಹುಟ್ಟಿದಾಗಿನಿಂದ ಕನ್ನಡ ಬಿಟ್ಟು ಬೇರೆ ಭಾಷೆ ಆಡಿದವಳಲ್ಲ. (ಚೌಕಾಸಿ ಜಾಸ್ತಿಯಾದಾಗ ಬಾಯಿಂದ ಒಂದೆರಡು ಉರ್ದು ಬೈಗುಳ ಬೀಳುತ್ತವೆ. ಅದನ್ನು ಬಿಟ್ಟುಬಿಡಿ.)

ಅಂಥವಳಿಗೆ ಕನ್ನಡ ಬರೋದಿಲ್ಲ ಅಂತ ಗೊತ್ತಾಗಲು ಸರ್ಕಾರದ ದುಡ್ಡಿನಲ್ಲಿ ಒಂದು ಸಂಶೋಧನಾ ಯೋಜನೆಯೇ ಬೇಕಾಯಿತು.

ಯೋಜನೆಯ ಹೆಸರು ಎರಡು ಸಾಲಿನಷ್ಟು ಉದ್ದ. ಎರಡನೇ ಸಾಲು ಓದುವಾಗ ಮೊದಲನೆಯದು ಮರೆತುಹೋಗುತ್ತಿತ್ತು. ಸಾರಾಂಶ ಇಷ್ಟು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಜನರ ಮಾತನ್ನು ರೆಕಾರ್ಡ್ ಮಾಡುವುದು. ಅದು ನಮ್ಮ ಪರಂಪರೆ, ಹಾಗಾಗಿ ಕಾಪಾಡುವುದು. ಆಮೇಲೆ ಆ ಮಾತನ್ನೇ ಕಂಪ್ಯೂಟರಿಗೆ ಕಲಿಸುವುದು. ಓದು ಬಾರದವರೂ ಫೋನಿನ ಮುಂದೆ ಬಾಯಲ್ಲಿ ಕೇಳಿದರೆ ಸಾಕು, ಬಸ್ಸು, ರೇಷನ್ನು, ಆಸ್ಪತ್ರೆ ಎಲ್ಲದಕ್ಕೂ ಉತ್ತರ ಸಿಗಬೇಕು. ಒಳ್ಳೆಯ ಉದ್ದೇಶವೇ. ಯಾರು ಬೇಡ ಅಂತಾರೆ?

ಇದಕ್ಕೆ ಇಬ್ಬರು ಪ್ರೊಫೆಸರುಗಳು. ಒಬ್ಬರು ಕಂಪ್ಯೂಟರಿನವರು, ಇನ್ನೊಬ್ಬರು ಸಂಸ್ಕೃತಿಯವರು. ಒಬ್ಬರ ಕೆಲಸ ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ. ಆದ್ದರಿಂದ ಅವರ ನಡುವೆ ಒಂದು ದಿನವೂ ಜಗಳವಾಗಲಿಲ್ಲ.

ಮೂರನೆಯವಳು ನಾನು. ‘ಸ್ಥಳೀಯ ಭಾಷಾ ತಜ್ಞೆ’! ನಗಬೇಡಿ, ಆರ್ಡರ್ ಕಾಪಿಯಲ್ಲಿ ಹಾಗೇ ಇದೆ. ನಾನು ರಿಟೈರ್ ಆಗುವ ತನಕ ಇಲ್ಲಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವಳು. ಪಾಠ ಅಂದರೆ ಏನು? ‘ಐತೆ’ ಅಂತ ಬರೆದವರ ಉತ್ತರಪತ್ರಿಕೆ ಮೇಲೆ ಕೆಂಪು ಪೆನ್ನಿನಿಂದ ಗೀಟು ಎಳೆದು ‘ಇದೆ’ ಅಂತ ಬರೆಯುವುದು. ಕ್ಲಾಸಿನಲ್ಲಿ ಯಾರಾದರೂ ‘ಬರಾಕೆ’ ಅಂದರೆ ಪಾಠ ನಿಲ್ಲಿಸಿ, ಕನ್ನಡಕದ ಮೇಲಿಂದ ನೋಡುವುದು. ಇಡೀ ಕ್ಲಾಸು ನಗುತ್ತಿತ್ತು. ನಾನೂ ನಕ್ಕಿದ್ದೇನೆ.

ತಾಲ್ಲೂಕಿನಿಂದ ‘ಐತೆ’ಗಳನ್ನು ಓಡಿಸಿದವಳನ್ನೇ ‘ಐತೆ’ ಹಿಡಿಯುವ ಕೆಲಸಕ್ಕೆ ಇಟ್ಟುಕೊಂಡರು. ನಾನೂ ಹೂಂ ಅಂದೆ. ರಿಟೈರ್ ಆದವರಿಗೆ ‘ತಜ್ಞೆ’ ಅಂತ ಯಾರಾದರೂ ಕರೆದರೆ ಬೇಡ ಅನ್ನುವ ಧೈರ್ಯ ಎಲ್ಲಿಂದ ಬರಬೇಕು?

ರೆಕಾರ್ಡಿಂಗ್ ಶುರುವಾಯಿತು. ನ್ಯಾಮತಿ ಕಡೆ ಒಂದು ಶಾಲೆಯಲ್ಲಿ ಮೈಕ್ ಇಟ್ಟೆವು. ಹೆಡ್‌ಮಾಸ್ಟರು ಪಕ್ಕದಲ್ಲೇ ನಿಂತಿದ್ದರು. ಬಂದವರೆಲ್ಲ ಸ್ವಾತಂತ್ರ್ಯ ದಿನದ ಭಾಷಣ ಮಾಡಿ ಹೋದರು. ಕೊನೆಗೆ ಹೆಡ್‌ಮಾಸ್ಟರೇ ಕೂತು ಒಂದು ಗಂಟೆ ಮಾತಾಡಿದರು. ಹೊನ್ನಾಳಿಯಲ್ಲಿ ಸಿಕ್ಕವರೊಬ್ಬರು ಮೈಕ್ ಕಂಡ ಕೂಡಲೇ ಇಂಗ್ಲಿಷಿಗೆ ಹೊರಳಿದರು, ವಾಪಸ್ ಬರಲೇ ಇಲ್ಲ. ಜಗಳೂರಿನಲ್ಲಿ ಒಬ್ಬ ಅಜ್ಜ ಮಾತ್ರ ಪ್ರೊಫೆಸರಿಗೇ ಪ್ರಶ್ನೆ ಹಾಕಿದ: “ನಾವು ಮಾತಾಡೋದು ನಿಮಗೆ ತಿಳೀತೈತಲ್ಲ? ಮತ್ತೆ ಆ ಡಬ್ಬಿಗೆ ಯಾಕೆ ಹೇಳ್ಬೇಕು?”

ಆ ವಾಕ್ಯವನ್ನು ‘ಅಪ್ರಸ್ತುತ’ ಅಂತ ಗುರುತು ಹಾಕಿ ಇಟ್ಟರು.

ಆಮೇಲೆ ಹಾಲಮ್ಮ. ಅವಳ ಮನೆ ಜಗಲಿಗೆ ಕರೆದುಕೊಂಡು ಹೋದವಳು ನಾನೇ. ಅವಳು ರೆಕಾರ್ಡರಿನ ಕೆಂಪು ದೀಪ ನೋಡಿದಳು, ಸೆರಗು ಸರಿಮಾಡಿಕೊಂಡಳು, ಗಂಟಲು ಕೆಮ್ಮಿ ಸರಿಮಾಡಿಕೊಂಡಳು. “ಎಲ್ಲರಿಗೂ ನಮಸ್ಕಾರಗಳು. ನನ್ನ ಹೆಸರು ಹಾಲಮ್ಮ. ನಾನು ಮೀನು ವ್ಯಾಪಾರವನ್ನು ಮಾಡುತ್ತೇನೆ” ಅಂದಳು.

“ಸಹಜವಾಗಿ ಮಾತಾಡಿ ಅಮ್ಮಾ” ಅಂದರು ಸಂಸ್ಕೃತಿ ಪ್ರೊಫೆಸರು.

“ಸಹಜವಾಗಿಯೇ ಮಾತನಾಡುತ್ತಿದ್ದೇನೆ” ಅಂದಳು ಹಾಲಮ್ಮ.

ಪ್ರೊಫೆಸರು ಚಿತ್ರದ ಕಾರ್ಡು ತೆಗೆದರು. ಯಾವುದೋ ಊರಲ್ಲಿ ಪ್ರಿಂಟಾದ ಕಾರ್ಡು. ಮೊದಲನೆಯದರಲ್ಲಿ ಹಿಮದ ಮನೆ. ಎರಡನೆಯದರಲ್ಲಿ ಒಂದು ಮೀನು. “ಇದೇನು?” ಅಂತ ಕೇಳಿದರು. ಹಾಲಮ್ಮ ಕಾರ್ಡನ್ನು ಮುಖದ ಹತ್ತಿರ ಹಿಡಿದು ನೋಡಿದಳು. ರೇಡಿಯೋ ಭಾಷೆ ಅಲ್ಲೇ ಉದುರಿಹೋಯಿತು.

“ಇದ್ಯಾವ ಮೀನ್ರೀ? ಕಾಟ್ಲಾ ಅಲ್ಲ, ರೋಹು ಅಲ್ಲ, ಬಾಳೆಮೀನೂ ಅಲ್ಲ. ಹಾವುಮೀನಿಗೆ ಇಂಥ ಬಾಲ ಎಲ್ಲೈತೆ? ಚೇಳುಮೀನಿಗೆ ಮೀಸೆ ಇರ್ತಾವು. ಇದನ್ನ ಬರೆದೋನು ಮೀನು ತಿಂದಿಲ್ಲ ಬಿಡ್ರಿ, ನೋಡಾಕೂ ಹೋಗಿಲ್ಲ!”

ಫಾರಂನಲ್ಲಿ ಒಂದೇ ಖಾನೆ ಇತ್ತು. ಪ್ರೊಫೆಸರು ‘ಮೀನು’ ಅಂತ ಬರೆದುಕೊಂಡರು.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಕೆರೆ, ಬಲೆ, ಗಂಡ ಸತ್ತ ಮೇಲೆ ಬುಟ್ಟಿ ಹೊತ್ತಿದ್ದು, ಬಸ್ಸಿನಲ್ಲಿ ಮೀನಿನ ವಾಸನೆ ಅಂತ ಕಂಡಕ್ಟರ್ ಇಳಿಸಿದ್ದು, ಅವನ ಹೆಂಡತಿಯೇ ಮಾರನೇ ದಿನ ಮೀನಿಗೆ ಬಂದಿದ್ದು. ನಾಲ್ಕು ತಾಲ್ಲೂಕು ತಿರುಗಿದರೂ ಸಿಗದಿದ್ದ ಮಾತು ಆ ಜಗಲಿಯಲ್ಲಿ ಒಂದು ಮಧ್ಯಾಹ್ನಕ್ಕೆ ಸಿಕ್ಕಿತು. ಕಂಪ್ಯೂಟರ್ ಪ್ರೊಫೆಸರು ‘ರಿಚ್ ಡೇಟಾ’ ಅಂದರು. ಸಂಸ್ಕೃತಿ ಪ್ರೊಫೆಸರು ‘ಅಪ್ಪಟ’ ಅಂದರು. ಹಾಲಮ್ಮ “ಚಾ ಕುಡೀತೀರಾ?” ಅಂದಳು.

ಅದಾದ ಮೇಲೆ ನನ್ನ ಕೆಲಸ. ರೆಕಾರ್ಡ್ ಆದದ್ದನ್ನು ಯಾರೋ ಟೈಪ್ ಮಾಡಿ ಕಳಿಸುತ್ತಿದ್ದರು. ಕೇಳಿ, ನೋಡಿ, ತಪ್ಪಿದ್ದರೆ ಸರಿಮಾಡಿ ಅಂತ ಸೂಚನೆ. ಮಧ್ಯಾಹ್ನದ ಹೊತ್ತು ಕಾಫಿ ಇಟ್ಟುಕೊಂಡು ಕೂರುತ್ತಿದ್ದೆ. ಎಷ್ಟು ಹಾಳೆ ನೋಡಿದೆನೋ! ಇಷ್ಟು ಖುಷಿಯಾಗಿ ಕೆಲಸ ಮಾಡಿ ಎಷ್ಟೋ ದಿನವಾಗಿತ್ತು. ಏನು ಸರಿಮಾಡಿದೆ ಅನ್ನುವುದನ್ನು ಸ್ವಲ್ಪ ಮುಂದೆ ಹೇಳುತ್ತೇನೆ. ಹೇಳಲು ನಾಚಿಕೆ.

ಇನ್ನು ಉದ್ಘಾಟನೆ. ಬ್ಯಾನರು, ದೀಪ, ಪ್ರಾರ್ಥನೆ, ಪ್ರಾಸ್ತಾವಿಕ ನುಡಿ. ಹತ್ತಕ್ಕೆ ಅಂದ ಕಾರ್ಯಕ್ರಮ ಹನ್ನೊಂದಕ್ಕೆ ಶುರು. ಹಾಲಮ್ಮ ಮುಂದಿನ ಸಾಲಿನಲ್ಲಿ ಚಡಪಡಿಸುತ್ತಿದ್ದಳು. ತೊಡೆ ಮೇಲೆ ಒಂದು ಬಟ್ಟೆ ಚೀಲ. “ಬೇಗ ಬಿಡ್ತಾರೇನ್ರೀ?” ಅಂತ ನನ್ನನ್ನು ಮೂರು ಸಲ ಕೇಳಿದಳು. ಸವಳಂಗದಲ್ಲಿರುವ ಮಗಳ ಕೂಸಿಗೆ ಅವತ್ತು ತೊಟ್ಟಿಲು ಶಾಸ್ತ್ರ. ತವರಿನ ಉಡದಾರ, ಕುಲಾವಿ, ತೊಟ್ಟಿಲ ಬಟ್ಟೆ ಎಲ್ಲ ಆ ಚೀಲದಲ್ಲೇ. “ಹತ್ತೇ ನಿಮಿಷ ಹಾಲಮ್ಮ” ಅಂತ ನಾನೂ ಮೂರು ಸಲ ಹೇಳಿದೆ.

ಶಾಲು, ಬುಟ್ಟಿ, ಚಪ್ಪಾಳೆ ಆಯಿತು. ಕಂಪ್ಯೂಟರ್ ಪ್ರೊಫೆಸರು ಫೋನು ಮುಂದೆ ಹಿಡಿದು, “ನಿಮಗೆ ಏನು ಬೇಕೋ ಕೇಳಿ ಅಮ್ಮ” ಅಂದರು. ಹಾಲಮ್ಮ ಆಚೆ ಈಚೆ ನೋಡಲಿಲ್ಲ. ಅವಳಿಗೆ ಬೇಕಾದದ್ದು ಒಂದೇ.

“ಸವಳಂಗಕ್ಕೆ ಹೋಗಾಕೆ ಬಸ್ಸು ಎಷ್ಟೊತ್ತಿಗೆ ಐತೆ?”

ಸ್ಪೀಕರಿನಿಂದ ಜೇನಿನಂಥ ದನಿ ಬಂತು: “ಕ್ಷಮಿಸಿ. ದಯವಿಟ್ಟು ಕನ್ನಡದಲ್ಲಿ ಮಾತನಾಡಿ.”

ಸಭೆ ಘೊಳ್ಳೆಂದಿತು. ಹಾಲಮ್ಮ ಇನ್ನೂ ಹತ್ತಿರ ಬಾಗಿ, ಜೋರಾಗಿ ಕೇಳಿದಳು. “ಕ್ಷಮಿಸಿ. ದಯವಿಟ್ಟು ಕನ್ನಡದಲ್ಲಿ ಮಾತನಾಡಿ.” ಮೂರನೇ ಸಲವೂ ಅದೇ. ಹಿಂದಿನ ಸಾಲಿನಿಂದ ಯಾರೋ “ಹನ್ನೊಂದೂವರೆಗೆ ಐತೆ ಕಣಮ್ಮೋ!” ಅಂತ ಕೂಗಿದರು.

ಆಗ ಸಂಸ್ಕೃತಿ ಪ್ರೊಫೆಸರು ಎದ್ದು ಬಂದು, ನಗುತ್ತ ಫೋನು ಇಸಿದುಕೊಂಡು, “ಸವಳಂಗಕ್ಕೆ ತೆರಳಲು ಬಸ್ಸು ಎಷ್ಟು ಗಂಟೆಗೆ ಇದೆ?” ಅಂದರು. ಮಷೀನು ಥಟ್ಟನೆ, “ಹನ್ನೊಂದು ಗಂಟೆ ಮೂವತ್ತು ನಿಮಿಷಕ್ಕೆ ಇದೆ” ಅಂದಿತು. ಭಾರಿ ಚಪ್ಪಾಳೆ. ಯೋಜನೆ ಯಶಸ್ವಿ!

ಗಡಿಯಾರ ಹನ್ನೊಂದೂ ಮುಕ್ಕಾಲು ತೋರಿಸುತ್ತಿತ್ತು.

“ಹೋತು ಬಿಡ್ರಿ” ಅಂದಳು ಹಾಲಮ್ಮ. ಹಣ್ಣಿನ ಬುಟ್ಟಿಯನ್ನು ಕುರ್ಚಿ ಮೇಲೆ ಇಟ್ಟು, ಚೀಲ ಎದೆಗೆ ಅವುಚಿಕೊಂಡು ಮೆಟ್ಟಿಲು ಇಳಿದಳು. ಶಾಲು ಹೆಗಲ ಮೇಲೇ ಇತ್ತು. ಕಣ್ಣಲ್ಲಿ ನೀರಿರಲಿಲ್ಲ. ಕಿವಿ ಕೆಂಪಾಗಿತ್ತು.

ನಾನು ಕಂಪ್ಯೂಟರ್ ಪ್ರೊಫೆಸರನ್ನು ಮೂಲೆಗೆ ಕರೆದು ಕೇಳಿದೆ. “ಅಲ್ಲ ಸರ್, ಅವಳ ಮಾತನ್ನು ಅಷ್ಟು ರೆಕಾರ್ಡ್ ಮಾಡಿದಿರಲ್ಲ? ಅವಳದ್ದೇ ಅರ್ಥವಾಗಲಿಲ್ಲ ಅಂದರೆ?”

ಅವರು ತಾಳ್ಮೆಯಿಂದ ವಿವರಿಸಿದರು. ಧ್ವನಿಗೂ ಬರಹಕ್ಕೂ ತಾಳೆಯಾಗದ ವಾಕ್ಯಗಳನ್ನು ಮಷೀನು ತಾನೇ ತೆಗೆದುಹಾಕುತ್ತದಂತೆ. ಮೀನಿನ ಕಾರ್ಡು ಕಂಡ ಮೇಲೆ ಹಾಲಮ್ಮ ಆಡಿದ ಒಂದು ವಾಕ್ಯವೂ ತಾಳೆಯಾಗಲಿಲ್ಲವಂತೆ. ಎಲ್ಲ ಹೋಯಿತಂತೆ. ಉಳಿದದ್ದು ‘ಎಲ್ಲರಿಗೂ ನಮಸ್ಕಾರಗಳು’. ಮತ್ತೆ, ಆ ಹೆಡ್‌ಮಾಸ್ಟರು.

“ನಿಮ್ಮ ಬರಹ ಪರ್ಫೆಕ್ಟ್ ಮೇಡಂ. ಒಂದು ಕಾಗುಣಿತ ತಪ್ಪಿಲ್ಲ. ಅವರ ಮಾತೇ ಅದಕ್ಕೆ ಹೊಂದಲಿಲ್ಲ” ಅಂದರು.

ಈಗ ಹೇಳುತ್ತೇನೆ ಏನು ಸರಿಮಾಡಿದೆ ಅಂತ. ಹಾಲಮ್ಮ ‘ಐತೆ’ ಅಂದಲ್ಲೆಲ್ಲ ‘ಇದೆ’ ಮಾಡಿದ್ದೆ. ‘ಮಾರಾಕೆ’ಯನ್ನು ‘ಮಾರಲು’ ಮಾಡಿದ್ದೆ. ‘ಹೆಂಗೆ’ಯನ್ನು ‘ಹೇಗೆ’ ಮಾಡಿದ್ದೆ. ಬೈಗುಳ ಇದ್ದಲ್ಲಿ ‘ಛೇ’ ಹಾಕಿದ್ದೆ. ಮಾತನ್ನೇ ಬದಲಿಸಿ ಅಂತ ಯಾರೂ ಹೇಳಿರಲಿಲ್ಲ. ಕೈ ತಾನಾಗಿ ಹೋಗುತ್ತಿತ್ತು. ನಿಜ ಹೇಳಬೇಕೆಂದರೆ, ಓದಲು ಬಹಳ ಚೆನ್ನಾಗಿತ್ತು.

ಮಷೀನನ್ನು ಬೈಯಲು ಬಾಯಿ ತೆರೆದಿದ್ದೆ. ಮುಚ್ಚಿಕೊಂಡೆ.

“ಸರ್, ನಿಮ್ಮ ಕಾರು ಬೇಕು. ಈಗಲೇ” ಅಂದೆ. ಅವರು ‘ಪ್ರಾಜೆಕ್ಟ್ ರೂಲ್ಸ್’ ಅಂತ ಏನೋ ಶುರುಮಾಡಿದರು. ನಾನು ಕನ್ನಡಕದ ಮೇಲಿಂದ ನೋಡಿದೆ. ಆ ನೋಟ ಇನ್ನೂ ಕೆಲಸ ಮಾಡುತ್ತದೆ.

ಹೀಗೆ, ಬಾಗಿಲಿಗೆ ಯೋಜನೆಯ ಸ್ಟಿಕರ್ ಅಂಟಿಸಿದ ಬಿಳಿ ಕಾರು ಹಾಲಮ್ಮನನ್ನೂ ನನ್ನನ್ನೂ ಕೂರಿಸಿಕೊಂಡು ಸವಳಂಗದ ಕಡೆ ಹೊರಟಿತು. ನನಗೆ ಗೊತ್ತಿರುವ ಮಟ್ಟಿಗೆ, ಇಡೀ ಯೋಜನೆಯಿಂದ ಜನರಿಗೆ ಆದ ಉಪಯೋಗ ಇದೊಂದೇ.

ಊರು ದಾಟಿದೆವು. ಆಮೇಲೆ ನಾನೇ ಬಾಯಿಬಿಟ್ಟೆ. ತಪ್ಪು ಮಷೀನಿನದ್ದಲ್ಲ, ನನ್ನದು ಅಂತ ಎಲ್ಲ ಹೇಳಿದೆ. ಅವಳು ಕಿಟಕಿ ಕಡೆ ನೋಡುತ್ತ ಕೇಳಿಸಿಕೊಂಡಳು.

“ಅಂದ್ರೆ, ನನ್ ಬುಟ್ಟಿಯಾಗಿನ ಮೀನು ತೆಗೆದು ಒಗೆದು, ನಿಮ್ ಮೀನು ತುಂಬಿ, ಮ್ಯಾಲೆ ಹಾಲಮ್ಮ ಅಂತ ಚೀಟಿ ಅಂಟಿಸಿದ್ರಿ” ಅಂದಳು.

“ಹೂಂ.”

“ನನ್ ಮಗಳೂ ನಿಮ್ ಕಾಲೇಜಿಗೇ ಬರ್ತಿದ್ಲು. ಗೊತ್ತೈತಾ?”

ಗೊತ್ತಿರಲಿಲ್ಲ.

“ರತ್ನ ಅಂತ. ಒಂದು ವರ್ಷ ಬಂದ್ಲು. ಆಮ್ಯಾಕೆ ಹೋಗಲ್ಲ ಅಂದ್ಲು. ಯಾಕವ್ವ ಅಂದ್ರೆ, ಬಾಯಿ ಬಿಟ್ರೆ ಎಲ್ಲಾರೂ ನಗ್ತಾರೆ ಅಂತಿದ್ಲು. ನಾನೇ ಬೈದೆ, ನೀನೇನೋ ತಪ್ಪು ಮಾಡಿರ್ಬೇಕು ಅಂತ.” ಚೀಲದ ಗಂಟು ಬಿಗಿ ಮಾಡಿದಳು. “ಇವತ್ತು ತಿಳೀತು, ಹೆಂಗಿರ್ತೈತೆ ಅಂತ.”

ನಾನು ಎಷ್ಟು ಯೋಚಿಸಿದರೂ ಆ ಹುಡುಗಿಯ ಮುಖ ನೆನಪಿಗೆ ಬರಲಿಲ್ಲ. ಬರುವುದಾದರೂ ಹೇಗೆ? ನಕ್ಕವರಿಗೆ ನೆನಪಿರುತ್ತದೆಯೇ?

ಸವಳಂಗ ತಲುಪಿದಾಗ ಶಾಸ್ತ್ರ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಚೀಲ ಬಾರದೆ ಅವರು ಏನು ಮಾಡಿಯಾರು? ಬಾಗಿಲಿಗೆ ಬಂದ ಬಾಣಂತಿ ರತ್ನ ಅವ್ವನಿಗೆ, “ಎಲ್ಲೋಗಿದ್ದೆ ಬೇ, ಎಷ್ಟೊತ್ತಾತು! ಎಲ್ಲಾರೂ ನಿನ್ ದಾರಿ ನೋಡಿ ನೋಡಿ ಸುಸ್ತಾಗ್ಯಾರೆ” ಅಂತ ಒಂದೇ ಉಸಿರಿಗೆ ದಬಾಯಿಸಿದಳು. ಮಾತು ಹೊಳೆಯ ಹಾಗೆ ಹರಿಯುತ್ತಿತ್ತು. ಅಷ್ಟರಲ್ಲಿ ಹಿಂದೆ ನಿಂತ ನನ್ನನ್ನು ಕಂಡಳು. ಮುಖ ಬದಲಾಯಿತು. ಸೆರಗು ಹೊದ್ದು, ಒಂದು ಹೆಜ್ಜೆ ಹಿಂದೆ ಸರಿದು, ಒಂದೊಂದೇ ಪದವನ್ನು ಜೋಪಾನವಾಗಿ ಇಟ್ಟಳು:

“ಬನ್ನಿ ಮೇಡಂ. ಒಳಗೆ ಬಂದು ಕುಳಿತುಕೊಳ್ಳಿ. ನೀರನ್ನು ತರುತ್ತೇನೆ.”

ಒಂದು ತಪ್ಪಿಲ್ಲ. ಪೂರ್ತಿ ಅಂಕ ಕೊಡಬಹುದಿತ್ತು.

ಕೂಸನ್ನು ತೊಟ್ಟಿಲಿಗೆ ಹಾಕಿದರು, ಹಾಡಿದರು, ಹೆಸರಿಟ್ಟರು. ಹಾಲಮ್ಮ ತನ್ನ ಶಾಲನ್ನೇ ಮಡಿಸಿ ಕೂಸಿನ ತಲೆಯಡಿ ಇಟ್ಟಳು. ನಾನು ಹೊರಡುವಾಗ ರತ್ನಳ ಹತ್ತಿರ ಏನೋ ಹೇಳಬೇಕೆಂದು ನಿಂತೆ. “ನಿನ್ನ ಮಾತು ಚೆಂದ ಐತೆ” ಅಂದೆ. ನನ್ನ ಬಾಯಲ್ಲಿ ಆ ‘ಐತೆ’ ನಾಟಕದ ಡೈಲಾಗಿನ ಹಾಗೆ ಕೇಳಿಸಿತು. ಅವಳು ನಗಲಿಲ್ಲ. ಗುಣದಲ್ಲಿ ನನಗಿಂತ ದೊಡ್ಡವಳು.

ಇಷ್ಟಾಗಿ ಮುಗಿಯಬೇಕಿತ್ತಲ್ಲವೇ? ಸರ್ಕಾರದ ಯೋಜನೆಗಳು ಅಷ್ಟು ಸುಲಭವಾಗಿ ಮುಗಿಯುವುದಿಲ್ಲ.

ಮೊನ್ನೆ ಸಂಸ್ಕೃತಿ ಪ್ರೊಫೆಸರ ಫೋನು ಬಂತು. ವರದಿ ಒಪ್ಪಿತವಾಗಿದೆಯಂತೆ. ನಾನು ತಿದ್ದಿದ ಹಾಳೆಗಳಿಗೆ ‘ಅತ್ಯುತ್ತಮ ಗುಣಮಟ್ಟ’ ಅಂತ ಪ್ರಮಾಣಪತ್ರ ಬರುತ್ತಿದೆಯಂತೆ. ಎರಡನೇ ಹಂತಕ್ಕೂ ನಾನೇ ತಜ್ಞೆ ಆಗಬೇಕಂತೆ. “ಮಷೀನಿಗೆ ಗ್ರಾಮೀಣರ ಮಾತು ತಿಳಿಯುತ್ತಿಲ್ಲ ಮೇಡಂ. ಅದನ್ನೇ ಸಮಸ್ಯೆ ಅಂತ ತೋರಿಸಿ ಹೊಸ ಪ್ರಸ್ತಾವನೆ ಕಳಿಸಿದ್ದೇವೆ” ಅಂದರು. ದನಿಯಲ್ಲಿ ಎಷ್ಟು ಉತ್ಸಾಹ! ಮೊದಲ ಹಂತ ಕೆಟ್ಟದ್ದೇ ಎರಡನೇ ಹಂತಕ್ಕೆ ಅರ್ಹತೆ.

“ನಾನು ಟೈಪ್ ಬೇಕಾದರೆ ಮಾಡುತ್ತೇನೆ ಸರ್. ತಜ್ಞರ ಜಾಗಕ್ಕೆ ಹಾಲಮ್ಮ ಅವರ ಹೆಸರು ಹಾಕಿ. ನಾನು ಓದಿ ಹೇಳಿದ್ದನ್ನು ಅವರು ಕೇಳಿ ಒಪ್ಪಿದ ಮೇಲೆಯೇ ಹಾಳೆ ನಿಮಗೆ ಬರಲಿ” ಅಂದೆ.

ಆ ಕಡೆ ಕೀಬೋರ್ಡಿನ ಸದ್ದು. ಏನೋ ಫಾರಂ ತೆರೆದಿರಬೇಕು.

“ಅವರ ವಿದ್ಯಾರ್ಹತೆ ಏನು ಅಂತ ಬರೆಯಲಿ, ಮೇಡಂ?”

“ನನ್ನ ಕ್ಲಾಸಿನಲ್ಲಿ ಒಂದು ದಿನವೂ ಕೂತಿಲ್ಲ ಅಂತ ಬರೀರಿ, ಸರ್.”