ಅಜ್ಜಪ್ಪನ ತೊಟ್ಟಿಲು ಮತ್ತು ಒಂದು ಶ್ರಾವಣ ಸೋಮವಾರ

ವಾರಕ್ಕೊಂದು ದಿನ ನಾನು ಅಜ್ಜಪ್ಪನನ್ನು ಬೈಯುತ್ತಿದ್ದೆ. ಆ ದಿನ ಸೋಮವಾರ. ಉಳಿದ ದಿನಗಳಲ್ಲಿ ನನ್ನನ್ನು ವರದಾ ನದಿ ದಾಟಿಸುತ್ತಿದ್ದವನೂ ಅವನೇ ಆದ್ದರಿಂದ ಬೈಗುಳವನ್ನು ಬಾಯಿಗೆ ತರದೆ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಮುಗಿಸಿಕೊಳ್ಳುತ್ತಿದ್ದೆ. ಬಾಯಿಗೆ ತಂದದ್ದು ಒಂದೇ ಸಲ. ತರಬಾರದಿತ್ತು.

ನಮ್ಮ ಮನೆ ಸವಣೂರಿನಲ್ಲಿ. ನಾನು ಕಲಿಸುವ ಶಾಲೆ ಹೊಳೆಯಾಚೆ, ಹಾನಗಲ್ ತಾಲ್ಲೂಕಿಗೆ ಸೇರಿದ ಸಿರಿಕೊಪ್ಪದಲ್ಲಿ. ಈಚೆ ದಂಡೆಯ ಊರು ಹೊಳೆಕಟ್ಟಿ. ಬೇಸಿಗೆಯಲ್ಲಿ ಹೊಳೆಗೆ ಅಡ್ಡ ಕಟ್ಟಿದ ಗಿಡ್ಡ ಒಡ್ಡಿನ, ಅಂದರೆ ಬಾಂದಾರದ ಮೇಲೆ ನಡೆದು ದಾಟಬಹುದು. ಮಳೆಗಾಲ ಹಿಡಿದರೆ ಬಾಂದಾರ ಮುಳುಗುತ್ತದೆ, ಆಮೇಲೆ ನಾಲ್ಕೈದು ತಿಂಗಳು ತೊಟ್ಟಿಲೇ ಗತಿ. ಅದನ್ನೂ ಬೇಡವೆಂದರೆ ಹಾವೇರಿಯ ಮೇಲೆ ಹಾಯ್ದು ಮೂರು ಬಸ್ಸು ಬದಲಿಸಿ, ಪ್ರಾರ್ಥನೆ ಮುಗಿದ ಮೇಲೆ ಶಾಲೆ ಮುಟ್ಟಿ, ಹೆಡ್ ಮಾಸ್ತರರ ಮುಖ ನೋಡಬೇಕು.

ತೊಟ್ಟಿಲು ಎಂದರೆ ಕೂಸಿನ ತೊಟ್ಟಿಲಲ್ಲ. ಬಹಳ ವರ್ಷಗಳ ಹಿಂದೆ ಯಾರೋ ಗುತ್ತಿಗೆದಾರ ಹೊಳೆಗೆ ಸೇತುವೆ ಕಟ್ಟುತ್ತೇನೆಂದು ಬಂದು, ಎರಡು ದಂಡೆಗೂ ಕಬ್ಬಿಣದ ಗೋಪುರ ನಿಲ್ಲಿಸಿ, ಸಾಮಾನು ಸಾಗಿಸಲು ತೋಳಿನಷ್ಟು ದಪ್ಪದ ತಂತಿ ಎಳೆದು, ಆಮೇಲೆ ಮುಖ ತೋರಿಸದೆ ಹೋದ. ತಂತಿ ಉಳಿಯಿತು. ಹೊಳೆಕಟ್ಟಿಯಲ್ಲಿ ಕಬ್ಬಿನ ಗಾಣ ನಡೆಸುತ್ತಿದ್ದ ಹನುಮಂತಪ್ಪನಿಗೆ, ಅಂದರೆ ಅಜ್ಜಪ್ಪನ ತಂದೆಗೆ, ಅದನ್ನು ನೋಡಿ ನೋಡಿ ತಲೆಯೊಳಗೆ ಹುಳ ಹೊಕ್ಕಿತು. ಬಂಕಾಪುರದಲ್ಲಿ ವೆಲ್ಡಿಂಗ್ ಮಾಡಿಸಿ, ಹಳೆಯ ಟೆಂಪೋದ ಹಿಂಭಾಗವನ್ನು ಕತ್ತರಿಸಿ, ನಾಲ್ಕು ಜನ ಕೂರುವ ಪೆಟ್ಟಿಗೆ ಮಾಡಿ, ಗಾಲಿ ಹಚ್ಚಿ ತಂತಿಗೆ ತೂಗುಹಾಕಿದ. ಅದನ್ನು ಎಳೆಯಲು ಇನ್ನೊಂದು ಸಣ್ಣ ತಂತಿ. ಆ ತಂತಿಯನ್ನು ಸುತ್ತಲು ತನ್ನ ಗಾಣವನ್ನೇ ಕಿತ್ತುತಂದು ದಂಡೆಯ ಮೇಲೆ ಹೂಡಿದ. ಎತ್ತುಗಳು ಬಲಕ್ಕೆ ತಿರುಗಿದರೆ ತೊಟ್ಟಿಲು ಆಚೆ ಹೋಗುತ್ತದೆ, ಎಡಕ್ಕೆ ತಿರುಗಿದರೆ ಈಚೆ ಬರುತ್ತದೆ. ಒಂದು ದಂಡೆಯಿಂದ ಇನ್ನೊಂದಕ್ಕೆ ಇಪ್ಪತ್ತೆಂಟು ಸುತ್ತು. ನಾನು ಎಣಿಸಿದ್ದೇನೆ. ನಡುಹೊಳೆಯಲ್ಲಿ ತೂಗಾಡುವಾಗ ಬೇರೆ ಏನು ಮಾಡಲು ಸಾಧ್ಯ?

ಹನುಮಂತಪ್ಪ ತೀರಿದ ಮೇಲೆ ಗಾಣ ಅಜ್ಜಪ್ಪನಿಗೆ ಬಂತು. ಆಚೆ ದಂಡೆಯಲ್ಲಿ ಸಿರಿಕೊಪ್ಪದ ಮಕ್ತುಮಸಾಬ ಜನರನ್ನು ಹತ್ತಿಸಿ, ಬಾಗಿಲಿನ ಚಿಲಕ ಹಾಕಿ, ಗಂಟೆ ಬಾರಿಸುತ್ತಿದ್ದ. ಒಂದು ಗಂಟೆ ಎಂದರೆ ಎಳೆಯಿರಿ, ಎರಡು ಎಂದರೆ ನಿಲ್ಲಿಸಿ. ಅಲ್ಲಿಯ ಗಾಲಿಗೆ ಗ್ರೀಸು ಹಚ್ಚುವುದೂ ಅವನ ಕೆಲಸ. ಇಬ್ಬರೂ ಇಪ್ಪತ್ತು ವರ್ಷ ಹೊಳೆಯ ಎರಡು ಬದಿಗೆ ನಿಂತು ಒಂದೇ ಕೆಲಸ ಮಾಡಿದವರು. ಎದುರುಬದುರು ಕೂತು ಚಹಾ ಕುಡಿದದ್ದಕ್ಕಿಂತ ಹೊಳೆಯಾಚೆಯಿಂದ ಕೈಯೆತ್ತಿದ್ದೇ ಹೆಚ್ಚು.

ನಡುವೆ ಮೂರು ವರ್ಷ ಡೀಸೆಲ್ ಎಂಜಿನ್ ಕೂಡ ಇತ್ತು. ಅದು ಒಂದು ದಿನ ನಾನೂ ಸೇರಿ ನಾಲ್ಕು ಹೆಂಗಸರನ್ನು ಸರಿಯಾಗಿ ಹೊಳೆಯ ನಡುವೆ ನಿಲ್ಲಿಸಿ ಕೆಮ್ಮಿ ಸುಮ್ಮನಾಯಿತು. ಒಂದು ತಾಸು ತೂಗಾಡಿದೆವು. ಮೂವರು ದೇವರನ್ನು ನೆನೆದರು, ನಾನು ಅಜ್ಜಪ್ಪನನ್ನು ನೆನೆದೆ. ಹೇಗೆ ನೆನೆದೆ ಎಂದು ಇಲ್ಲಿ ಬರೆಯಲಾರೆ. ಮಾರನೆಯ ವಾರವೇ ಅವನು ಎಂಜಿನ್ನನ್ನು ಯಾರದೋ ಕಬ್ಬಿನ ತೋಟಕ್ಕೆ ಮಾರಿ ಮತ್ತೆ ಎತ್ತು ಕಟ್ಟಿದ.

"ಎತ್ತು ನಡುಹೊಳ್ಯಾಗ ಕೈ ಬಿಡಂಗಿಲ್ರಿ ಅಕ್ಕಾರ" ಎಂದ.

ಕೈ ಬಿಡುತ್ತಿದ್ದದ್ದು ಸೋಮವಾರ ಮಾತ್ರ. ನಮ್ಮ ಸೀಮೆಯ ಒಕ್ಕಲುತನದ ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಅಜ್ಜಪ್ಪ ಎಷ್ಟು ಕಟ್ಟುನಿಟ್ಟೆಂದರೆ, ಒಮ್ಮೆ ಜೀಪಿನಲ್ಲಿ ಬಂದ ದೊಡ್ಡ ಅಧಿಕಾರಿಯೊಬ್ಬರಿಗೇ ಕೈಮುಗಿದು, "ನಾಳೆ ಬರ್ರಿ ಸಾಹೇಬ್ರ" ಎಂದು ಹಿಂದಕ್ಕೆ ಕಳಿಸಿದ್ದ. ಸುತ್ತ ಹತ್ತು ಹಳ್ಳಿಯಲ್ಲಿ ಆ ಸುದ್ದಿ ಓಡಾಡಿತು. ಅಜ್ಜಪ್ಪನಿಗೆ ಅದರಿಂದ ಸ್ವಲ್ಪ ಹೆಮ್ಮೆಯೂ ಬಂತು. ಯಾರಿಗೂ ವಿನಾಯಿತಿ ಇಲ್ಲ ಎನ್ನುವ ಹೆಮ್ಮೆ. ನಾನು ಎರಡು ಸಲ ಬೇಡಿಕೊಂಡು, ಎರಡು ಸಲವೂ ಬಸ್ಸು ಹತ್ತಿದವಳು.

ಹೊಳೆ ತುಂಬಿ ಹರಿಯುತ್ತಿದ್ದ ಒಂದು ವರ್ಷ, ಶ್ರಾವಣ ಸೋಮವಾರದ ಬೆಳಿಗ್ಗೆ ಮಕ್ತುಮಸಾಬ ಅಜ್ಜಪ್ಪನಿಗೆ ಫೋನ್ ಮಾಡಿದ. ಸವಣೂರಿನಲ್ಲಿದ್ದ ಅವನ ಅಕ್ಕ ಹಮೀದುನ್ನೀಸಾ ತೀರಿಕೊಂಡಿದ್ದಳು. ತಾಯಿ ಬೇಗ ಹೋದದ್ದರಿಂದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಆಕೆಯೇ. ಮಧ್ಯಾಹ್ನದ ನಮಾಜಿನ ನಂತರ ಮಣ್ಣು ಎಂದು ಮನೆಯವರು ಹೇಳಿಕಳಿಸಿದ್ದರು.

ಫೋನಿನಲ್ಲಿ ಆದ ಮಾತನ್ನು ನನಗೆ ಹೇಳಿದವಳು ಅಜ್ಜಪ್ಪನ ಹೆಂಡತಿ ಫಕ್ಕೀರವ್ವ. ಆಕೆ ಪಕ್ಕದಲ್ಲೇ ಎತ್ತುಗಳ ಮೈ ತೊಳೆಯುತ್ತಿದ್ದಳಂತೆ.

"ಅಜ್ಜಪ್ಪಣ್ಣ, ತೊಟ್ಟಿಲಾ ಬಿಡ್ತೀರೇನ್ರಿ? ನಾ ಒಬ್ಬನ ಅದೇನಿ" ಎಂದು ಮಕ್ತುಮಸಾಬ ಅಕ್ಕನ ಸುದ್ದಿ ಹೇಳಿ ಕೇಳಿದ.

"ಮಕ್ತುಮ, ಇವತ್ತ ಸೋಮವಾರಲೋ. ಅದರಾಗ ಶ್ರಾವಣ."

"ಹೌದಲ್ರಿ. ನನಗ ಖಬರಽ ಇಲ್ಲ. ಇರ್ಲಿ ಬಿಡ್ರಿ, ನಾ ಹಾವೇರಿ ಮ್ಯಾಲಿಂದ ಹೊಕ್ಕೇನಿ" ಎಂದ.

ಅವನು ಯಾರದೋ ಬೈಕು ಕೇಳಿ ಪಡೆದು ಹೊರಟ. ದಾರಿಯಲ್ಲಿ ಎರಡು ಕಡೆ ಹಳ್ಳ ರಸ್ತೆಯ ಮೇಲೆ ಹರಿಯುತ್ತಿತ್ತು, ನೀರು ಇಳಿಯುವವರೆಗೆ ತಾಸುಗಟ್ಟಲೆ ಕಾಯಬೇಕಾಯಿತು. ಸವಣೂರು ಮುಟ್ಟುವ ಹೊತ್ತಿಗೆ ಸಂಜೆಯ ನಮಾಜಿನ ಸಮಯ. ಗೋರಿ ಮುಚ್ಚಿ, ಮೇಲೆ ನೀರು ಚಿಮುಕಿಸಿ ಜನ ಮನೆಗೆ ಹೋಗಿದ್ದರು. ಅಕ್ಕನ ಮುಖ ನೋಡಲಾಗಲಿಲ್ಲ. ಮೂರು ಹಿಡಿ ಮಣ್ಣು ಕೊಡಲಾಗಲಿಲ್ಲ. ಮೂರನೆಯ ದಿನ ಮರಳಿ ಬಂದು, ಮೊದಲಿನಂತೆಯೇ ಗಂಟೆಯ ಹತ್ತಿರ ನಿಂತ. ಅಜ್ಜಪ್ಪ ಈಚೆಯಿಂದ ಕೈಯೆತ್ತಿದ. ಅವನೂ ಎತ್ತಿದ.

ಫಕ್ಕೀರವ್ವ ಇದನ್ನು ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಹಮೀದುನ್ನೀಸಾ ನಮ್ಮ ಓಣಿಯಲ್ಲೇ ಇದ್ದವಳು, ನನಗೆ ಮುಖಪರಿಚಯವಿದ್ದವಳು. ಜೊತೆಗೆ ನನ್ನ ಇಷ್ಟು ವರ್ಷಗಳ ಸೋಮವಾರದ ಸಿಟ್ಟೂ ಸೇರಿಕೊಂಡಿತು, ಅದನ್ನು ಮುಚ್ಚಿಡುವುದಿಲ್ಲ. ನೇರ ಗಾಣದ ಹತ್ತಿರ ಹೋಗಿ ಕೇಳಿದೆ.

"ಎತ್ತಿಗೆ ಸೋಮವಾರ, ಖರೆ. ನಿಮಗ ಯಾರು ಸೋಮವಾರ ಹಚ್ಚಿದ್ರು? ಊರಾಗ ಇನ್ನಿಬ್ಬರು ಗಂಡಸರು ಸಿಗ್ತಿದ್ದಿಲ್ಲೇನು? ಒಬ್ಬ ಮನುಷ್ಯಾನ್ನ ಎಳಿಲಿಕ್ಕೆ ನಿಮಗೆಲ್ಲಾ ಹೆಗಲು ಇರಲಿಲ್ಲೇನು?"

ಅಜ್ಜಪ್ಪ ಎತ್ತಿನ ಕೊರಳ ಹಗ್ಗ ಬಿಚ್ಚುತ್ತಿದ್ದ. ಬಿಚ್ಚುವುದನ್ನು ಅಲ್ಲಿಗೇ ಬಿಟ್ಟು ನನ್ನನ್ನು ನೋಡಿದ. ಅವನಿಗೆ ಕೋಪ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಗಾಣದ ಉದ್ದನೆಯ ತೊಲೆಯ ಕಡೆ ತಿರುಗಿ, ಆ ತುದಿಯಿಂದ ಈ ತುದಿಯವರೆಗೆ ಅದನ್ನು ಇದೇ ಮೊದಲು ಕಂಡವನ ಹಾಗೆ ನೋಡಿದ. ಅರವತ್ತರ ಹತ್ತಿರದ ಆ ಮನುಷ್ಯನ ತಲೆಗೆ ಅಲ್ಲಿಯವರೆಗೆ ಆ ವಿಚಾರವೇ ಹೊಳೆದಿರಲಿಲ್ಲ. ಗಾಣ ಎಂದರೆ ಎತ್ತು, ಎತ್ತು ಇಲ್ಲ ಎಂದರೆ ಗಾಣ ಇಲ್ಲ. ಅಪ್ಪನ ಕಾಲದಿಂದ ಹಾಗೆಯೇ. ಅವನು ಬೇಕೆಂದು ಬಿಟ್ಟದ್ದಲ್ಲ, ತೋಚದೆ ಬಿಟ್ಟದ್ದು. ತೋಚದೆ ಇದ್ದವನಿಗೆ ನಾನು ತೋರಿಸಿಕೊಟ್ಟೆ, ಅದೂ ಎಲ್ಲ ಮುಗಿದ ಮೇಲೆ.

ಮುಂದಿನ ಭಾನುವಾರ ಸಂಜೆ ಅವನ ಫೋನ್ ಬಂತು.

"ಅಕ್ಕಾರ, ನಾಳೆ ಬಸ್ಸಿಗೆ ಹೋಗಬ್ಯಾಡ್ರಿ. ಇಲ್ಲೇ ಬರ್ರಿ."

ಹೋದೆ. ಎತ್ತುಗಳು ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ಗಾಣದ ತೊಲೆಗೆ ಅಜ್ಜಪ್ಪ, ಅವನ ಅಳಿಯ ಶರಣು, ಪಕ್ಕದ ಹೊಲದ ಇನ್ನೊಬ್ಬ, ಮೂವರೂ ಎದೆಗೊಟ್ಟು ನಿಂತಿದ್ದರು. "ಕುಂದರ್ರಿ" ಎಂದ. ನನಗೆ ನಾಚಿಕೆಯಾಯಿತು, ಆದರೂ ಕೂತೆ. ತೊಟ್ಟಿಲು ಅಲುಗಿತು. ಅಂದು ಸುತ್ತು ಎಣಿಸುವ ಮನಸ್ಸಾಗಲಿಲ್ಲ. ಹಿಂದಿನಿಂದ ಅವರ ಉಸಿರು ಕೇಳುತ್ತಿತ್ತು, ಆಮೇಲೆ ಹೊಳೆಯ ಸದ್ದಿನಲ್ಲಿ ಅದೂ ಕೇಳದಾಯಿತು. ಆಚೆ ಮಕ್ತುಮಸಾಬ ಇರಲಿಲ್ಲ, ಸೋಮವಾರ ಅವನು ಬರುವುದಿಲ್ಲ. ಚಿಲಕ ನಾನೇ ತೆಗೆದು ಇಳಿದೆ.

ಸಂಜೆ ನಾನೇ ಗಂಟೆ ಬಾರಿಸಿ ಮರಳಿ ದಾಟಿ ಇಳಿದಾಗ ಅಜ್ಜಪ್ಪ ಕಲ್ಲಿನ ಮೇಲೆ ಕೂತಿದ್ದ. ಅಂಗಿ ಬೆವರಿಗೆ ಒದ್ದೆಯಾಗಿತ್ತು.

"ಇಪ್ಪತ್ತೆರಡ ಮಿನಿಟ ಆತ್ರಿ" ಎಂದ. ಎಳೆಯಲು ಹಿಡಿದ ಹೊತ್ತನ್ನು ಫೋನಿನಲ್ಲಿ ನೋಡಿಕೊಂಡಿದ್ದ. "ಅವತ್ತ ಮಕ್ತುಮ ಫೋನ್ ಮಾಡಿದಾಗ ಮುಂಜಾನಿ ಎಂಟ ಗಂಟೆ. ಒಂಬತ್ತೂವರಿಗೆ ಅಂವಾ ಅವರಕ್ಕನ ಮುಂದ ಕುಂತಿರ್ತಿದ್ದ."

ಅಂದಿನಿಂದ ಐದು ಮಳೆಗಾಲ ಸೋಮವಾರವೂ ತೊಟ್ಟಿಲು ನಡೆಯಿತು. ಎತ್ತಿಲ್ಲದೆ, ಮನುಷ್ಯರ ಹೆಗಲ ಮೇಲೆ. ಊರವರು ಅಜ್ಜಪ್ಪನಿಗೆ ತಲೆ ಕೆಟ್ಟಿದೆ ಎಂದರು, ಆದರೂ ಸರದಿಯ ಮೇಲೆ ಬಂದು ತೊಲೆಗೆ ಕೈ ಹಚ್ಚಿದರು. ನನ್ನ ಮೂರು ಬಸ್ಸಿನ ಕಷ್ಟ ತಪ್ಪಿತು. ವರ್ಷಗಟ್ಟಲೆ ಬಯಸಿದ್ದು ಸಿಕ್ಕಿತು. ಆ ತೊಟ್ಟಿಲಿನಲ್ಲಿ ಸೋಮವಾರ ಕೂತು ಹೋಗುವಾಗ ಒಂದು ದಿನವಾದರೂ ನನಗೆ ನೆಮ್ಮದಿ ಇದ್ದದ್ದು ನೆನಪಿಲ್ಲ.

ಅಜ್ಜಪ್ಪ ಕಾಯುತ್ತಿದ್ದದ್ದು ಒಬ್ಬನಿಗೆ. ಮಕ್ತುಮಸಾಬ ಒಂದೇ ಒಂದು ಸೋಮವಾರ ಬಂದು ತೊಟ್ಟಿಲಿನಲ್ಲಿ ಕೂತರೆ ಸಾಕಿತ್ತು. ಅವನು ಬರಲಿಲ್ಲ. ಸೋಮವಾರ ಸವಣೂರಿನಲ್ಲಿ ಕೆಲಸವಿದ್ದರೆ ಭಾನುವಾರವೇ ದಾಟಿ ಹೋಗಿ ಅಲ್ಲಿ ಉಳಿಯುತ್ತಿದ್ದ. ಉಳಿದ ದಿನ ಎಂದಿನಂತೆ ನಗುನಗುತ್ತಾ ಗಂಟೆ ಬಾರಿಸುತ್ತಿದ್ದ. ಅವನು ಮುನಿದಿದ್ದಾನೆ ಎಂದು ಅಜ್ಜಪ್ಪ ತಿಳಿದ. ನಾನೂ ಹಾಗೆಯೇ ತಿಳಿದೆ.

"ಹೋಗಿ ತಪ್ಪಾತು ಅಂತ ಹೇಳಿಬಿಡ್ರಿ" ಎಂದು ಎಷ್ಟು ಸಲ ಹೇಳಿದ್ದೆನೋ.

"ಏನಂತ ಹೇಳ್ಲಿ ಅಕ್ಕಾರ? ನನಗ ತಿಳೀಲಿಲ್ಲೋ ಅಂತ ಹೇಳ್ಲಿ? ಅಂವಾ ನಂಬ್ತಾನೇನ್ರಿ?"

ಹೋದ ವರ್ಷ ನಿಜವಾದ ಸೇತುವೆ ಆಯಿತು. ಬಸ್ಸು ಸವಣೂರಿನಿಂದ ಸೀದಾ ಸಿರಿಕೊಪ್ಪಕ್ಕೆ ಹೋಗುತ್ತದೆ. ತೊಟ್ಟಿಲು ಹತ್ತುವವರು ಇಲ್ಲವಾದರು. ತಂತಿ ಇಳಿಸಿ ಗೋಪುರ ಕೀಳಬೇಕೆಂದು ಪಂಚಾಯಿತಿಯವರು ದಿನ ಗೊತ್ತು ಮಾಡಿದರು. ಅದಕ್ಕೆ ಮುಂಚಿನ ಸೋಮವಾರ ನಾನು ಶಾಲೆ ಬಿಟ್ಟ ಮೇಲೆ ಹೊಳೆಕಟ್ಟಿಯಲ್ಲಿ ಇಳಿದೆ. ಅಜ್ಜಪ್ಪ ಗಾಣದ ಹತ್ತಿರ ಒಬ್ಬನೇ ಇದ್ದ. ಇವತ್ತಲ್ಲದಿದ್ದರೆ ಇನ್ಯಾವಾಗ ಎಂದು ಜೋರು ಮಾಡಿ, ನನ್ನೆದುರಿಗೇ ಫೋನ್ ಹಚ್ಚಿಸಿದೆ.

"ಮಕ್ತುಮ, ಒಂದ್ಸಲ ತೊಟ್ಟಿಲದಾಗ ಕುಂದ್ರು. ನಾ ಎಳಿತೇನಿ" ಎಂದ.

ಕಾಲು ಗಂಟೆಯಲ್ಲಿ ಮಕ್ತುಮಸಾಬ ಬಂದ. ಸೇತುವೆಯ ಮೇಲಿಂದ, ನಡೆದು. ಬಂದವನೇ ತೊಲೆಯ ಮೇಲಿದ್ದ ಅಜ್ಜಪ್ಪನ ಕೈಯನ್ನು ಹಿಡಿದು ಪಕ್ಕಕ್ಕೆ ಇಟ್ಟ.

"ನೀವು ಎಳ್ಯೂದು, ನಾ ಕುಂದ್ರೂದು, ಅದು ಆಗೂ ಮಾತಲ್ರಿ. ಅವತ್ತ ಅಕ್ಕ ಹೋದ ದುಃಖದಾಗ ನಿಮ್ಮ ಶ್ರಾವಣ ಸೋಮವಾರ ಅನ್ನೂದು ನೋಡಲಾರ್ದ ಕೇಳಿಬಿಟ್ಟೆ. ಇಪ್ಪತ್ತ ವರ್ಷ ನಿಮ್ಮ ಕೂಡ ದುಡಿದು ಅಷ್ಟೂ ತಿಳೀಲಿಲ್ಲ ನನಗ. ಆಮ್ಯಾಲೆ ನೀವು ಸೋಮವಾರ ಹೆಗಲ ಕೊಟ್ಟು ಎಳ್ಯಾಕತ್ತೀರಿ ಅಂತ ಗೊತ್ತಾತು. ನನ್ನಿಂದ ನಿಮ್ಮ ನೇಮ ಕೆಟ್ಟೈತಿ ಅಂತ ನಾಚಿಕಿಗೆ ಸೋಮವಾರ ಈ ಕಡೆ ಮುಖ ಹಾಕಲಿಲ್ಲ. ತಪ್ಪಾತ್ರಿ ಅಣ್ಣ, ಮನಸಿನ್ಯಾಗ ಇಟ್ಕೋಬ್ಯಾಡ್ರಿ."

ಅಜ್ಜಪ್ಪ ಬಾಯಿ ತೆರೆದ. ಐದು ವರ್ಷ ಒಳಗೆ ಇಟ್ಟುಕೊಂಡಿದ್ದ ಮಾತು ಹೊರಗೆ ಬರಲಿಲ್ಲ. ಮಕ್ತುಮಸಾಬ ಅವನ ಬೆನ್ನು ಸವರಿ, ನನಗೆ ನಮಸ್ಕಾರ ಹೇಳಿ, ಕತ್ತಲಾಗುವುದರೊಳಗೆ ಮನೆ ಸೇರಬೇಕೆಂದು ಬಂದ ದಾರಿಯಲ್ಲೇ ಹೋದ. ಅವನು ಸೇತುವೆಯ ನಡುವಿಗೆ ಮುಟ್ಟುವವರೆಗೂ ಅಜ್ಜಪ್ಪ ನೋಡುತ್ತಲೇ ಇದ್ದ.

"ಅಕ್ಕಾರ," ಎಂದ ಕೊನೆಗೆ, "ಅಂವಾ ನನಗ ತಪ್ಪಾತು ಅಂದನಲ್ರಿ."

ನಾನು ಬಸ್ಸಿಗೆ ಹೋಗಲಿಲ್ಲ. ಅವನ ಪಕ್ಕದ ಕಲ್ಲಿನ ಮೇಲೆ ಕೂತುಕೊಂಡೆ.