ಕಿಟಕಿಯ ಮುಂದೆ ಹೇಳಬೇಕಾದ ಹೆಸರು

ನಮ್ಮ ಮನೆಯವರು ಪೆರು ದೇಶಕ್ಕೆ ಹೋದ ಮೇಲೆ ಬರೆದ ಕಾಗದಗಳಲ್ಲೆಲ್ಲ ಮೊದಲು ಅತ್ತೆಯ ಆರೋಗ್ಯ, ಆಮೇಲೆ ಎಮ್ಮೆಯ ಆರೋಗ್ಯ, ಕೊನೆಗೆ ಜಾಗ ಉಳಿದರೆ ನನ್ನ ಆರೋಗ್ಯ ವಿಚಾರಿಸುತ್ತಿದ್ದರು. ಒಂದು ಕಾಗದದಲ್ಲಿ ಮಾತ್ರ ಯಾರನ್ನೂ ವಿಚಾರಿಸದೆ, "ನೀನು ಇಲ್ಲಿಗೆ ಬರುತ್ತೀಯಾ?" ಎಂದು ಶುರು ಮಾಡಿದ್ದರು. ಆ ದಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು. ಯಾರೂ ಬೈಯಲಿಲ್ಲ, ಎಲ್ಲರಿಗೂ ವಿಷಯ ಗೊತ್ತಾಗಿತ್ತು.

ಅವರು ಶರಾವತಿಯ ಅಣೆಕಟ್ಟಿನ ಕೆಲಸದಲ್ಲಿ ಬಂಡೆ ಕೊರೆಯುವ ಯಂತ್ರಗಳ ಮೆಕ್ಯಾನಿಕ್ ಆಗಿದ್ದರು. ಅಲ್ಲಿನ ಕೆಲಸ ಮುಗಿಯುತ್ತ ಬಂದಾಗ, ಅವರ ಕೈಗುಣ ಮೆಚ್ಚಿದ್ದ ಒಬ್ಬ ವಿದೇಶಿ ಇಂಜಿನಿಯರು ತಮ್ಮ ಜೊತೆ ಕರೆದುಕೊಂಡು ಹೋದರು. ಅಲ್ಲೂ ಬೆಟ್ಟದ ಮೇಲೆ ಒಂದು ಅಣೆಕಟ್ಟು. ಗಂಡಸರೆಲ್ಲ ಮೇಲಿನ ಕ್ಯಾಂಪಿನಲ್ಲಿ, ಹೆಂಡತಿ ಮಕ್ಕಳಿದ್ದವರಿಗೆ ಕೆಳಗಿನ ಪೇಟೆಯಲ್ಲಿ ಮನೆ. ತಿಂಗಳಿಗೊಮ್ಮೆ ಗಂಡಸರು ಲಾರಿಯಲ್ಲಿ ಇಳಿದು ಬರುವುದು. ಸಂಬಳ ಪೇಟೆಯ ಬ್ಯಾಂಕಿಗೆ ಬಂದು ಬೀಳುತ್ತದೆ, ಅದನ್ನು ಹೆಂಡತಿಯೇ ಹೋಗಿ ತರಬೇಕು. ಒಬ್ಬಳೇ ಸಂಸಾರ ತೂಗಿಸಬಲ್ಲಳು ಎಂದರೆ ಮಾತ್ರ ಕಂಪನಿ ಮನೆ ಕೊಡುವುದು.

"ಕಿಟಕಿಯಲ್ಲಿ ಕೂತವನು, ಖಾತೆ ಯಾರ ಹೆಸರಿನಲ್ಲಿದೆ ಎಂದು ಕೇಳುತ್ತಾನೆ. ನೀನು ಬಾಯಿಬಿಟ್ಟು ಹೇಳಬೇಕು. ಆಗುತ್ತದೆ ಅನ್ನಿಸಿದರೆ ಬಾ. ಆಗದಿದ್ದರೆ ಬಲವಂತವಿಲ್ಲ, ಇಲ್ಲಿನ ಕೆಲಸ ಮುಗಿಸಿ ನಾನೇ ಬರುತ್ತೇನೆ" ಎಂದು ಬರೆದಿದ್ದರು. ಮುಗಿಯುವುದು ಯಾವಾಗ ಎಂದು ಬರೆದಿರಲಿಲ್ಲ. ಅಣೆಕಟ್ಟಿನ ಕೆಲಸ ಎಷ್ಟು ವರ್ಷ ಹಿಡಿಯುತ್ತದೆ ಎಂಬುದನ್ನು ಶರಾವತಿಯ ಮಗ್ಗುಲಲ್ಲೇ ಇರುವ ನಮ್ಮ ಸಾಗರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಾಗದದ ಹಿಂದೆ ಅಲ್ಲಿನ ಸ್ಪ್ಯಾನಿಷ್ ಮಾತುಗಳನ್ನು ಕನ್ನಡದಲ್ಲೇ ಬರೆದು ಕಳಿಸಿದ್ದರು. ದಿನೇರೊ ಎಂದರೆ ದುಡ್ಡು. ಲಿಬ್ರೆತ ಎಂದರೆ ಪಾಸ್‌ಬುಕ್ಕು. ಫಿರ್ಮ ಎಂದರೆ ಸಹಿ. ವೆಂತಾನಿಯ ಎಂದರೆ ದುಡ್ಡು ಕೊಡುವ ಕಿಟಕಿ. ಸಾಗರದ ಪೇಟೆಯಲ್ಲೂ ಬ್ಯಾಂಕಿತ್ತು, ಅದರ ಮೆಟ್ಟಿಲನ್ನು ನಾನು ಹತ್ತಿದವಳಲ್ಲ. ತೀರ್ಥಹಳ್ಳಿಯ ನನ್ನ ತವರಿನಲ್ಲೂ ಹೆಂಗಸರು ಬ್ಯಾಂಕಿಗೆ ಹೋದದ್ದನ್ನು ಕಂಡಿರಲಿಲ್ಲ. ಪಾಸ್‌ಬುಕ್ಕನ್ನು ಕಣ್ಣಿನಲ್ಲಿ ನೋಡುವ ಮೊದಲೇ ಅದಕ್ಕೆ ಸ್ಪ್ಯಾನಿಷಿನಲ್ಲಿ ಏನನ್ನುತ್ತಾರೆ ಎಂದು ಕಲಿತೆ.

ದೋಸೆಗೆ ರುಬ್ಬುತ್ತ ಬಾಯಿಪಾಠ ಮಾಡುತ್ತಿದ್ದೆ. ಅತ್ತೆ ಜಗಲಿಯಿಂದ ಕೇಳಿದರು.

"ಎಂತದೇ ಅದು ಹುಡ್ಗಿ, ಒರಳಿನ ಮುಂದೆ ಕೂತ್ಕಂಡು ವೆಂತಾನಿಯ ವೆಂತಾನಿಯ ಅಂತೀಯ?"

"ಕಿಟಕಿ ಅತ್ತೆ. ಬ್ಯಾಂಕಿನ ಕಿಟಕಿ."

"ಕಿಟಕಿಗೆ ಕಿಟಕಿ ಅಂದ್ರೆ ಅವ್ರಿಗೆ ತಿಳಿಯಲ್ವಾ?"

"ಅವ್ರಿಗೆ ಕನ್ನಡ ಬರಲ್ಲ ಅತ್ತೆ."

"ಪಾಪ" ಅಂದರು ಅತ್ತೆ, ನಿಜವಾಗಿಯೂ ಮರುಗಿ.

ನಮ್ಮ ಬೀದಿಯ ಕೊನೆಯಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಒಂದು ಔಷಧಾಲಯವಿತ್ತು. ಅಲ್ಲಿ ಔಷಧಿ ಕೊಡುತ್ತಿದ್ದ ಸಿಸ್ಟರ್ ಸ್ಪೇನ್ ದೇಶದವರು ಎಂದು ಪಕ್ಕದ ಮನೆಯ ಹುಡುಗ ಎಲ್ಲೋ ಕೇಳಿಕೊಂಡು ಬಂದ. ನಾನು ಮಾತು ಬರೆದ ಕಾಗದ ಹಿಡಿದು ಹೋದೆ. ಮಳೆ ಸ್ವಲ್ಪ ಹೊಳವಾಗಿತ್ತು. ಹೊರಡುವ ಹೊತ್ತಿಗೆ ಮಳೆ ನಿಂತರೆ ನಾನು ಅದನ್ನು ದೇವರ ಲೆಕ್ಕಕ್ಕೇ ಬರೆಯುವವಳು.

ಸಿಸ್ಟರ್ ಕನ್ನಡವನ್ನು ತಮ್ಮ ಧರ್ಮಗ್ರಂಥದಿಂದ ಕಲಿತವರು. ಸಾಲು ತಪ್ಪಿದವರಿಗೂ, "ಹಿಂದಕ್ಕೆ ಹೋಗಿರಿ, ನಿಮ್ಮ ಗಳಿಗೆಯು ಬರುವುದು" ಎನ್ನುತ್ತಿದ್ದರು. ನಾನು ಹೆದರುತ್ತ, "ವೆಂತಾನಿಯ" ಅಂದೆ. ಅವರು ಕೈಯಲ್ಲಿದ್ದ ಸೀಸೆಯನ್ನು ಕೆಳಗಿಟ್ಟರು.

"ಇನ್ನೊಮ್ಮೆ ಹೇಳಿರಿ."

ಹೇಳಿದೆ. ತಪ್ಪಿರಬೇಕು ಎಂದುಕೊಂಡೆ.

"ತಪ್ಪಿಲ್ಲ. ಇನ್ನೊಮ್ಮೆ ಹೇಳಿರಿ" ಅಂದರು. ಈ ಊರಿಗೆ ಬಂದ ಮೇಲೆ ಅವರ ಭಾಷೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲಂತೆ. ನನಗೆ ಅವರ ಮುಖ ನೋಡಿ ನಮ್ಮ ಮನೆಯವರ ನೆನಪಾಯಿತು. ಅಲ್ಲಿ ಅವರಿಗೂ ಕನ್ನಡ ಕೇಳಿಸುವವರು ಯಾರಿದ್ದಾರು?

ಆದರೆ ಬ್ಯಾಂಕಿನ ವ್ಯವಹಾರ ಕೇಳಿದರೆ ಸಿಸ್ಟರ್ ನಕ್ಕುಬಿಟ್ಟರು. ಚಿಕ್ಕವರಿದ್ದಾಗಲೇ ಮಠ ಸೇರಿದವರು. ಅವರ ಊರಿನಲ್ಲಿ ಅಪ್ಪನ ದುಡ್ಡು ಅಮ್ಮನ ಪೆಟ್ಟಿಗೆಯಲ್ಲಿರುತ್ತಿತ್ತು. "ನಾನೂ ಬ್ಯಾಂಕಿನೊಳಗೆ ಪ್ರವೇಶಿಸಿದವಳಲ್ಲ" ಅಂದರು. ಹೀಗೆ ಗೊತ್ತಿಲ್ಲದ ಇಬ್ಬರು ಸೇರಿ ಪಾಠ ನಡೆಸಿದೆವು. ಔಷಧಿ ಕೊಡುವ ಕಿಟಕಿಯೇ ನಮ್ಮ ಬ್ಯಾಂಕಾಯಿತು. ಮಧ್ಯಾಹ್ನ ಜನ ಕಡಿಮೆಯಾದ ಮೇಲೆ ಅವರು ಒಳಗೆ ಕೂರುವರು, ನಾನು ಹೊರಗೆ ಸಾಲಿನಲ್ಲಿ ನಿಲ್ಲುವುದು. ನನ್ನ ಸರದಿ ಬಂದಾಗ, "ವೆಂಗೊ ಆ ರೆತಿರಾರ್ ದಿನೇರೊ", ದುಡ್ಡು ತೆಗೆಯಲು ಬಂದಿದ್ದೇನೆ, ಎನ್ನಬೇಕು. ಅವರು ದುಡ್ಡಿನ ಬದಲು ಹತ್ತಿಯ ಉಂಡೆಗಳನ್ನು ಎಣಿಸಿ ಕೊಡುವರು. ಕಣ್ಣಿನ ಔಷಧಿಗೆ ಬರುತ್ತಿದ್ದ ನಮ್ಮ ಬೀದಿಯ ಅಜ್ಜಿಯೊಬ್ಬಳು ತನ್ನ ಕೆಲಸ ಮುಗಿದರೂ ನಮ್ಮ ಆಟ ನೋಡಲೆಂದೇ ಕೂತಿರುತ್ತಿದ್ದಳು.

ಎಲ್ಲ ಸರಿಯಾಗಿ ನಡೆಯುತ್ತಿತ್ತು. ಒಂದು ದಿನ ಸಿಸ್ಟರ್ ಕಾಗದದ ಕೊನೆಯ ಸಾಲನ್ನು ಓದಿ ಕೇಳಿದರು: "ಆ ನೋಂಬ್ರೆ ದೆ ಕಿಯೆನ್?"

ಯಾರ ಹೆಸರಿನಲ್ಲಿ?

ನಾನು ತಲೆ ತಗ್ಗಿಸಿದೆ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಸವೆಯುತ್ತದೆ ಎಂದು ಕೇಳುತ್ತ ಬೆಳೆದವಳು ನಾನು. ರೇಷನ್ ಆಫೀಸಿಗೆ ಹೋದರೆ ಅತ್ತೆಯೇ ಜೊತೆಗೆ ಬಂದು ಹೆಸರು ಹೇಳುತ್ತಿದ್ದರು, ತಾಯಿ ಹೇಳಬಹುದಲ್ಲ. ನಮ್ಮ ಮನೆಯವರಿಗಿಟ್ಟದ್ದು ದೇವರ ಹೆಸರು. ಸಂಜೆ ದೀಪ ಹಚ್ಚಿ ನಾಮಾವಳಿ ಹೇಳುವಾಗ ಆ ಹೆಸರು ಬಂದಲ್ಲಿ ತುಟಿ ಮುಚ್ಚಿ, ಒಂದು ಹೂವು ಮಾತ್ರ ಹಾಕಿ ಮುಂದಕ್ಕೆ ಹೋಗುತ್ತಿದ್ದೆ.

"ಆ ನೋಂಬ್ರೆ ದೆ ಕಿಯೆನ್?" ಸಿಸ್ಟರ್ ಮತ್ತೆ ಕೇಳಿದರು.

"ಅವರ ಹೆಸರಿನಲ್ಲಿ" ಅಂದೆ.

"ಅವರು ಎಂದರೆ ಯಾರು?"

ಕಣ್ಣಿನ ಅಜ್ಜಿಗೆ ತಡೆಯಲಾಗಲಿಲ್ಲ. ಕೂತಲ್ಲಿಂದಲೇ ನಮ್ಮ ಮನೆಯವರ ಹೆಸರನ್ನು ಗಟ್ಟಿಯಾಗಿ ಕೂಗಿದಳು. "ಅದ್ನ ಬರ್ಕಳಿ ಸಿಸ್ಟ್ರಮ್ಮ! ಪಾಪದ ಹೆಣ್ಣು, ಎಂತಕ್ಕೆ ಗೋಳು ಹೊಯ್ಕತೀರಿ?"

ಸಿಸ್ಟರಿಗೆ ಅಜ್ಜಿಯೇ ಎಲ್ಲವನ್ನೂ ಬಿಡಿಸಿ ಹೇಳಿದಳು. ಸಿಸ್ಟರ್ ಎಣಿಸಿಟ್ಟಿದ್ದ ಹತ್ತಿಯ ಉಂಡೆಗಳನ್ನು ಡಬ್ಬಿಗೆ ಹಾಕುತ್ತ, "ಅಲ್ಲಿ ನಿಮ್ಮ ಹಿಂದೆ ಈ ಅಜ್ಜಿ ನಿಂತಿರುವುದಿಲ್ಲವಲ್ಲಾ" ಎಂದರು.

"ನನ್ನೂ ಕರ್ಕಂಡು ಹೋಗ್ಲಿ. ಹೆಸ್ರು ಹೇಳೋದೇ ಕೆಲ್ಸ, ಊಟ ಹಾಕಿದ್ರೆ ಸಾಕು" ಅಂದಳು ಅಜ್ಜಿ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಅಂದಿನಿಂದ ಪಾಠಕ್ಕೆ ಹೋಗುವುದನ್ನು ಬಿಟ್ಟೆ. ಬರಲಾಗುವುದಿಲ್ಲ ಎಂದು ಅವರಿಗೆ ಬರೆಯಬೇಕು ಎಂದುಕೊಂಡೆ, ಬರೆಯಲು ಮನಸ್ಸು ಬರಲಿಲ್ಲ. ಅವರ ಒಂದು ಹಳೆಯ ಖಾಕಿ ಅಂಗಿ ಮನೆಯಲ್ಲಿತ್ತು. ಎಷ್ಟು ಒಗೆದರೂ ಯಂತ್ರದ ಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ. ಒಗೆಯುವುದನ್ನೇ ನಿಲ್ಲಿಸಿದ್ದೆ. ಬಸ್ಸಿನ ಹಾರನ್ನು ಕೇಳಿದರೆ, ಅವರು ಬರುವ ದಾರಿ ಅದಲ್ಲ ಎಂದು ಗೊತ್ತಿದ್ದರೂ ಬಾಗಿಲಿಗೆ ಬರುತ್ತಿದ್ದೆ.

ಒಂದು ಸಂಜೆ ನಾಮಾವಳಿ ಹೇಳುತ್ತಿದ್ದೆ. ಆ ಹೆಸರು ಬಂತು, ತುಟಿ ಮುಚ್ಚಿದೆ, ಹೂವು ಹಾಕಿದೆ. ಹಿಂದೆ ಬತ್ತಿ ಹೊಸೆಯುತ್ತ ಕೂತಿದ್ದ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು.

"ಪಾಠ ಎಂತಕ್ಕೆ ಬಿಟ್ಟೆ?"

"ಹೆಸರು ಹೇಳ್ಬೇಕಂತೆ ಅತ್ತೆ."

"ಅಷ್ಟೇಯಾ?"

"ಅವರ ಆಯುಸ್ಸು..."

ಅತ್ತೆ ಬತ್ತಿಯನ್ನು ತೊಡೆಯ ಮೇಲೆ ಇನ್ನೊಮ್ಮೆ ಉಜ್ಜಿದರು. ಅವರು ಹೊಸನಗರದ ಕಡೆಯ ಒಕ್ಕಲು ಮನೆಯಿಂದ ಬಂದವರು, ಮಾತು ಕಡಿಮೆ. ಮಾವನನ್ನು ನಾನು ನೋಡಿದವಳಲ್ಲ. ನಮ್ಮ ಮನೆಯವರು ಅಂಬೆಗಾಲಿಡುವಾಗಲೇ ಜ್ವರದಲ್ಲಿ ತೀರಿಕೊಂಡಿದ್ದರು.

"ನಾ ಅವ್ರ ಹೆಸ್ರು ಒಂದಿನನೂ ಹೇಳ್ಲಿಲ್ಲ ಕಣೆ" ಅಂದರು ಅತ್ತೆ. "ಕನಸಲ್ಲೂ ಹೇಳ್ಲಿಲ್ಲ. ಜ್ವರದಲ್ಲಿ ಬಿದ್ದಾಗ, ಕೂಗಿ ಕರೆದ್ರೆ ಕಣ್ಣು ಬಿಡ್ತಾರೇನೋ ಅಂದ್ಳು ನಮ್ಮ ಅತ್ತೆ. ಆವಾಗ್ಲೂ ಬಾಯಿ ಮುಚ್ಕಂಡಿದ್ದೆ. ಉಳಿದ್ರಾ?"

ನಾನು ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕಿದೆ.

"ನಾಳೆ ನಾನೂ ಬರ್ತೀನಿ, ನಡಿ" ಅಂದರು.

ಮರುದಿನ ಔಷಧಾಲಯದ ಕಿಟಕಿಯ ಮುಂದೆ ಅತ್ತೆ ನನ್ನ ಪಕ್ಕದಲ್ಲಿ ನಿಂತರು. ಅಜ್ಜಿ ಎಂದಿನ ಜಾಗದಲ್ಲಿದ್ದಳು. ಬಾಯಿ ತೆರೆಯಲು ಹೊರಟವಳನ್ನು ಅತ್ತೆ ಕಣ್ಣಿನಲ್ಲೇ ಗದರಿಸಿ ಸುಮ್ಮನಾಗಿಸಿದರು. ಸಿಸ್ಟರ್ ಕೇಳಿದರು. ನಾನು ಹೇಳಿದೆ. ಗಂಟಲಿನಿಂದ ಗಾಳಿಯಷ್ಟೇ ಬಂತು.

"ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿರಿ."

ಇನ್ನೊಮ್ಮೆ ಹೇಳಿದೆ. ಈ ಸಲ ನನ್ನ ಕಿವಿಗೂ ಬಿತ್ತು.

ನಮ್ಮ ಮನೆಯವರು, ಅವರು, ಇವರು ಎಂದರೆ ಯಾವ ಹೆಂಗಸಿನ ಗಂಡನೂ ಆಗಬಹುದು. ಆ ಹೆಸರು ಮಾತ್ರ ಒಬ್ಬರದೇ. ಹೇಳಿದ ಕೂಡಲೇ ಅವರ ಮುಖ, ಎಡಗಿವಿಯ ಹತ್ತಿರದ ಗಾಯದ ಗುರುತು, ನೀರು ಕುಡಿಯುವಾಗ ಕತ್ತೆತ್ತುವ ರೀತಿ, ಎಲ್ಲ ಕಣ್ಣಿನ ಮುಂದೆ ಬಂದು ನಿಂತವು. ಅವರು ಹೋದ ಮೇಲೆ ಜನರೆದುರು ನಾನು ಅತ್ತದ್ದು ಅಂದೇ. ಸಿಸ್ಟರ್ ಕಿಟಕಿಯಿಂದ ಕೈ ಚಾಚಿ ಹತ್ತಿಯ ಉಂಡೆಯೊಂದನ್ನು ಕೊಟ್ಟರು. ದುಡ್ಡೆಂದು ಅಲ್ಲ, ಕಣ್ಣೊರೆಸಿಕೊಳ್ಳಲು.

"ಹೇಳಿದ್ಲಲ್ಲ. ನನ್ನ ಕೆಲ್ಸ ಹೋಯ್ತು" ಅಂದಳು ಅಜ್ಜಿ.

ಅದೇ ರಾತ್ರಿ, ಬರುತ್ತೇನೆ ಎಂದು ಅವರಿಗೆ ಬರೆದೆ. ಪ್ರಯಾಣದ ಕತೆಯನ್ನು ಇಲ್ಲಿ ಬೆಳೆಸುವುದಿಲ್ಲ. ವಿಮಾನದಲ್ಲಿ ನನ್ನನ್ನು ಹಿಡಿದುಕೊಂಡದ್ದು ದೇವರೇ, ಬೇರೆ ಯಾವ ಆಧಾರವೂ ಕಾಣುತ್ತಿರಲಿಲ್ಲ. ನಮ್ಮ ಮನೆಯವರು ಬಂದು ಇಳಿಸಿಕೊಂಡರು. ಮೊದಲಿಗಿಂತ ಸೊರಗಿದ್ದರು. ಮನೆ ತೋರಿಸಿ, ಅಕ್ಕಿ ಸಿಗುವ ಅಂಗಡಿ ತೋರಿಸಿ, ಬ್ಯಾಂಕಿನ ಲಿಬ್ರೆತ ಕೈಗಿಟ್ಟು, ಮಾರನೆಯ ದಿನವೇ ಲಾರಿ ಹತ್ತಿ ಬೆಟ್ಟಕ್ಕೆ ಹೋದರು. ಸಾಗರದಲ್ಲಿದ್ದಾಗ ದೂರವಿದ್ದಾರೆ ಎಂದು ಕೊರಗುತ್ತಿದ್ದೆ. ಈಗ ಹತ್ತಿರವೇ ಇದ್ದರು, ಕೊರಗು ಹಾಗೆಯೇ ಇತ್ತು.

ಸಂಬಳದ ದಿನ ಕುಂಕುಮವಿಟ್ಟು, ಒಳ್ಳೆಯ ಸೀರೆ ಉಟ್ಟು ಬ್ಯಾಂಕಿಗೆ ಹೋದೆ. ಎತ್ತರದ ಚಾವಣಿ, ಹಿತ್ತಾಳೆಯ ಸರಳಿನ ಕಿಟಕಿ. ಒಳಗೆ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡಿದ್ದ ಗುಮಾಸ್ತ. ಸಿಸ್ಟರ್ ಹತ್ತಿರ ಕಲಿತ ಮಾತು ಹೇಳಿದೆ. ಅವನಿಗೆ ತಿಳಿಯಿತು. ಲಿಬ್ರೆತ ತೆಗೆದುಕೊಂಡ, ನೋಡಿದ, ಕಾಗದವೊಂದನ್ನು ಮುಂದೆ ಸರಿಸಿ, "ಫಿರ್ಮ" ಅಂದ. ಕನ್ನಡದಲ್ಲಿ ಸಹಿ ಹಾಕಿದೆ. ದುಂಡು ದುಂಡಗಿನ ಆ ಅಕ್ಷರಗಳನ್ನು ಕುತೂಹಲದಿಂದ ನೋಡಿ, ದುಡ್ಡು ಎಣಿಸಿ ಕೊಟ್ಟ. ನನ್ನ ಹಿಂದಿನವಳಿಗೆ ಮುಂದೆ ಬಾ ಎಂದು ಕೈ ಮಾಡಿದ.

ಹೆಸರನ್ನು ಅವನು ಕೇಳಲೇ ಇಲ್ಲ.

ನಾನು ಅಲ್ಲಿಂದ ಕದಲಲಿಲ್ಲ. ಏನು ಬಾಕಿಯಿದೆ ಎಂಬಂತೆ ಅವನು ಮುಖ ನೋಡಿದ. ಕೇಳದಿದ್ದರೂ ಹೇಳಿದೆ, ಪೂರ್ತಿ ಹೆಸರನ್ನು, ಗಟ್ಟಿಯಾಗಿ. ಅವನು, "ಸಿ, ಸೆನ್ಯೋರ", ಹೌದಮ್ಮ, ಎಂದು ತಲೆಯಾಡಿಸಿದ. ಹಿಂದಿದ್ದವಳು ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ನಿಟ್ಟುಸಿರು ಬಿಟ್ಟಳು.

ಹೊರಗೆ ಬಂದು ಬೀದಿಯಲ್ಲಿ ಸ್ವಲ್ಪ ನಿಂತೆ. ಲಾರಿ ಇಳಿದು ಬರಲು ಇನ್ನೂ ದಿನಗಳಿದ್ದವು. ಮನೆಗಳ ಸೂರಿನ ಮೇಲಿನಿಂದ ಅವರಿದ್ದ ಬೆಟ್ಟ ಕಾಣುತ್ತಿತ್ತು, ಬೋಳಾಗಿ, ಕಂದು ಬಣ್ಣಕ್ಕೆ. ಅದನ್ನು ನೋಡುತ್ತ ಇನ್ನೊಮ್ಮೆ ಹೆಸರು ಹೇಳಿದೆ. ಕರೆದರೆ ಕೇಳಿಸುವ ದೂರವಲ್ಲ. ಆದರೆ ಬೆಟ್ಟವಾದರೂ ಕಾಣುತ್ತಿತ್ತಲ್ಲ. ಸಾಗರದಿಂದ ಅದೂ ಕಾಣುತ್ತಿರಲಿಲ್ಲ.