ಬಾವಿ ಪಕ್ಕದ ಮಣ್ಣು

ಮುಳಬಾಗಿಲಿನಿಂದ ಆವನಿ ಊರಿಗೆ ಹೋಗುವ ದಾರಿಯಲ್ಲಿ ನಮ್ಮ ಹೊಲ. ಎಂಬತ್ತರ ದಶಕದ ಮೊದಲ ವರ್ಷಗಳು; ನಾನು ಬೆಂಗಳೂರಿನಲ್ಲಿ ಕೃಷಿ ಎಂ.ಎಸ್ಸಿ. ಓದುತ್ತಿದ್ದೆ. ರಜೆಗೆ ಬಂದಾಗ ಅಪ್ಪ ಒಂದು ಟೊಮೇಟೊ ಗಿಡ ಕಿತ್ತು ನನ್ನ ಮುಂದಿಟ್ಟರು. ಬೇರಿನ ತುಂಬ ಗಂಟು. ಎಷ್ಟು ನೀರು ಹಾಯಿಸಿದರೂ ಬಿಸಿಲೇರುತ್ತಲೇ ಇಡೀ ತೋಟ ಬಾಡಿ ಮಲಗುತ್ತಿತ್ತು.

“ಓದಿದ್ದೀಯಲ್ಲ ಅಮ್ಮಣ್ಣಿ, ಏನಾದ್ರೂ ಮಾಡು,” ಅಂದರು. ಅಪ್ಪ ಯಾರನ್ನೂ ಏನನ್ನೂ ಕೇಳಿದವರಲ್ಲ. ಆ ದನಿಗೇ ನನಗೆ ಭಯವಾಯಿತು.

ಗಂಟು ಕಟ್ಟಿಸುವುದು ಮಣ್ಣಿನೊಳಗಿನ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತು. ಅಷ್ಟು ಗೊತ್ತಿತ್ತು, ಹೊಲದಿಂದ ಅದನ್ನು ಓಡಿಸುವುದು ಗೊತ್ತಿರಲಿಲ್ಲ. ಬಾವಿ ಪಕ್ಕ ಅಮ್ಮ ವರ್ಷವೂ ಬದನೆ ಹಾಕುತ್ತಿದ್ದ ತುಂಡು ಜಾಗ ಮಾತ್ರ ಹಸಿರಾಗಿತ್ತು. ಎರಡೂ ಕಡೆಯ ಮಣ್ಣನ್ನು ಕಾಲೇಜಿಗೆ ಒಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಹೊಲದ ಜಂತುಗಳು ನುಣ್ಣಗೆ ಹರಿದಾಡುತ್ತಿದ್ದವು. ಬಾವಿ ಪಕ್ಕದವುಗಳ ಮೈಗೆ ಪುಟ್ಟ ಬಿಲ್ಲೆಗಳಂಥವು ಅಂಟಿದ್ದವು.

ಅದೊಂದು ಬ್ಯಾಕ್ಟೀರಿಯಾ ಎಂದರು ನಮ್ಮ ಮೇಡಂ. ಜಂತುವಿನ ಒಳಹೊಕ್ಕು ಬೆಳೆದು, ಅದು ಮೊಟ್ಟೆಯಿಡದಂತೆ ಮಾಡುತ್ತದಂತೆ. ಬಾಟಲಿಯಲ್ಲಿ ಬೆಳೆಸೋಣವೆಂದರೆ ಆಗದು. ಅದಕ್ಕೆ ಜಂತುವೇ ಬೇಕು, ಜಂತುವಿಗೆ ಜೀವಂತ ಬೇರು ಬೇಕು. ಉಳಿದದ್ದು ಒಂದೇ ದಾರಿ, ಆ ಮಣ್ಣನ್ನೇ ಅಗೆದು ಹೊಲಕ್ಕೆ ಹರಡುವುದು. ಫಲ ಕಾಣಲು ಎಷ್ಟು ಕಾಲ ಹಿಡಿಯುತ್ತದೋ ಮೇಡಂಗೂ ತಿಳಿದಿರಲಿಲ್ಲ.

“ಇರೋ ಒಂದು ಒಳ್ಳೆ ಜಾಗಾನೂ ಕೆಡಿಸ್ತೀಯಾ?” ಅಪ್ಪ ಕೂಗಾಡಿದರು.

“ದೇವುಡಾ, ಹೆಂಗೂ ಎಲ್ಲಾ ಹೋಗ್ತಾ ಐತೆ. ಅಗೀಲಿ ಬಿಡಿ,” ಎಂದಳು ಅಮ್ಮ. ಕಾಯಿ ಹೊತ್ತ ಬದನೆ ಗಿಡಗಳನ್ನು ತಾನೇ ಕಿತ್ತಳು. ಒಂದು ಸಾಲನ್ನು ಮಾತ್ರ ಕೈಬಿಡಲಾಗದೆ ಉಳಿಸಿಕೊಂಡಳು. ಇಬ್ಬರೂ ಮಂಕರಿಯಲ್ಲಿ ಮಣ್ಣು ಹೊತ್ತೆವು. ಅಪ್ಪ ಬದುವಿನ ಮೇಲೆ ಕೂತು ನೋಡಿದರು. ಆಮೇಲೆ ಎದ್ದು ಬಂದು ನನ್ನ ಕೈಯಿಂದ ಗುದ್ದಲಿ ತೆಗೆದುಕೊಂಡರು.

ಆ ಬೆಳೆ ಸತ್ತಿತು. ಮುಂದಿನದೂ ಹೂ ಬಿಡುವ ಹೊತ್ತಿಗೆ ಬಾಡಿತು. ಸತ್ತ ಗಿಡಗಳ ಬೇರುಗಳನ್ನು ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದೆ.

ಕಾಲೇಜಿನಲ್ಲಿ ಸೂಜಿಯಿಂದ ಗಂಟು ಬಿಡಿಸುತ್ತ ಹೋದೆ. ಬಾವಿಯಿಂದ ಬಲು ದೂರದ, ರಸ್ತೆ ಅಂಚಿನ ಬೇರಿನಲ್ಲಿ ಒಂದು ಹೆಣ್ಣು ಜಂತು ಸಿಕ್ಕಿತು. ಒಳಗೆ ಒಂದು ಮೊಟ್ಟೆಯಿಲ್ಲ, ಬರೀ ಬ್ಯಾಕ್ಟೀರಿಯಾ. ಇನ್ನೊಂದು ಗಂಟಿನಲ್ಲೂ ಹಾಗೇ. ನನಗೆ ಅಳು ಬಂತು. ಮರುದಿನವೇ ಊರಿಗೆ ಹೊರಟೆ.

ಬಸ್ಸಿಳಿದಾಗ ಹೊಲದ ತುಂಬ ಗುಂಡಿ. ಬದುವಿನುದ್ದಕ್ಕೂ ಪ್ಲಾಸ್ಟಿಕ್ ಚೀಲಗಳಲ್ಲಿ ನೀಲಗಿರಿ ಸಸಿ.

“ಅಪ್ಪಾ, ಹಿಡಿದೈತೆ. ಆ ಮಣ್ಣು ಕೆಲಸ ಮಾಡ್ತಾ ಐತೆ. ಇನ್ನೊಂದು ಬೆಳೆ ನೋಡೋಣಪ್ಪಾ,” ಎಂದೆ.

“ಕಣ್ಣಿಗೆ ಕಾಣ್ದೇ ಇರೋದನ್ನ ನಂಬ್ಕೊಂಡು ಇನ್ನೆಷ್ಟು ದಿನ ಕೂತ್ಕೊಳ್ಳಲಿ ತಾಯಿ? ನನ್ ಕೈಲಿ ಆಗಲ್ಲ.”

ಅವರ ಕಾಲು ಹಿಡಿದುಕೊಂಡೆ. ಅಪ್ಪ ನನ್ನನ್ನು ಎಬ್ಬಿಸಿ, ಸಸಿಯ ಚೀಲ ಹರಿದು, ಗುಂಡಿಗಿಟ್ಟು ಮಣ್ಣು ಎಳೆದರು.

ಬಾವಿ ಪಕ್ಕ ಮಾತ್ರ ಗುಂಡಿ ತೋಡಿರಲಿಲ್ಲ. ನೀಲಗಿರಿ ಎದ್ದು ಬಿಸಿಲು ಮುಚ್ಚುವವರೆಗೂ ಅಮ್ಮ ಅಲ್ಲಿ ಬದನೆಕಾಯಿ ಬಿಡಿಸಿದಳು.